ಉಜ್ಜನಪ್ಪ ಕೇಳಿದ ನೀರು

ನನ್ನ ಗೆಳೆಯ ಪರಶುರಾಮನಿಗೆ ಶಾಲು ಹೊದಿಸಬೇಕೆಂದು ನಮ್ಮ ದಾವಣಗೆರೆಯ ಜನ ತೊಂಬತ್ತೊಂಬತ್ತನೇ ಇಸವಿಯ ಕೊನೆಗೆ ಮೂರು ಸಲ ಸಭೆ ಸೇರಿಸಿದರು. ಮೂರು ಸಲವೂ ಶಾಲು ಬಂತು, ಹಾರ ಬಂತು, ಭಾಷಣ ಮಾಡುವವರು ಹೇಳಿದ್ದಕ್ಕಿಂತ ಹೆಚ್ಚೇ ಬಂದರು. ಪರಶುರಾಮ ಮಾತ್ರ ಬರಲಿಲ್ಲ. ಮೂರನೆಯ ಸಲ ಸಂಘಟಕರಿಗೆ ರೇಗಿಹೋಗಿ, ತಂದ ಶಾಲನ್ನು ಮುಂದಿನ ಸಾಲಿನಲ್ಲಿ ಕೂತಿದ್ದ ನನಗೇ ಹೊದಿಸಿ, "ವೀರಯೋಧರ ಬಾಲ್ಯದ ಗೆಳೆಯರು" ಎಂದು ಮೈಕಿನಲ್ಲಿ ಹೇಳಿ ಕೈತೊಳೆದುಕೊಂಡರು. ಕೆ.ಬಿ. ಬಡಾವಣೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ಈ ಬಕ್ಕೇಶ, ಗಿರಾಕಿಗಳ ಜೊತೆ ಬಿಟ್ಟರೆ ಬೇರೆ ಯಾರ ಜೊತೆಗೂ ಯುದ್ಧ ಮಾಡಿದವನಲ್ಲ. ಆ ಶಾಲು ಹೊದ್ದು ಮನೆಗೆ ಬಂದಾಗ ನನ್ನ ಹೆಂಡತಿ ಆಶಾರಾಣಿ ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಪರಶುರಾಮ ಶಾಮನೂರಿನವನು. ಅವರಪ್ಪನಿಗೆ ಭದ್ರಾ ನಾಲೆಯ ನೀರು ಹಾಯುವ ಎರಡೆಕರೆ ಗದ್ದೆ. ಪಿಯುಸಿಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನಿಗೆ ಡಾಕ್ಟರಾಗುವ ಹುಚ್ಚು. ಲ್ಯಾಬಿನಲ್ಲಿ ಕಪ್ಪೆ ಕೊಯ್ಯುವ ದಿನ ನಾನು ಮೂಗು ಮುಚ್ಚಿಕೊಂಡು ಹೊರಗೆ ನಿಂತರೆ, ಅವನು ತನ್ನ ಕಪ್ಪೆಯನ್ನೂ ನನ್ನ ಕಪ್ಪೆಯನ್ನೂ ತಾನೇ ಕೊಯ್ದು, ಒಂದರ ಮುಂದೆ ನನ್ನ ಹೆಸರಿನ ಚೀಟಿ ಇಟ್ಟು ಬಂದಿದ್ದ. ಆದರೆ ಭೌತಶಾಸ್ತ್ರ ಅವನಿಗೆ ಎರಡು ಸಲ ಕೈಕೊಟ್ಟಿತು. ಕಪ್ಪೆ ಮುಟ್ಟದ ನಾನು ಡಿ.ಫಾರ್ಮಾ ಮಾಡಿ ಅಂಗಡಿ ತೆರೆದೆ. ಅವನು ಎಂಬತ್ತೇಳರಲ್ಲಿ ಸೈನ್ಯಕ್ಕೆ ಸೇರಿದ. ಸೈನ್ಸ್ ಓದಿದವನೆಂದು ವೈದ್ಯಕೀಯ ದಳಕ್ಕೆ ಹಾಕಿದರು. ಹುದ್ದೆಯ ಹೆಸರು ನರ್ಸಿಂಗ್ ಅಸಿಸ್ಟೆಂಟ್. ಗಾಯ ಕಟ್ಟುವುದು, ಸೂಜಿ ಚುಚ್ಚುವುದು, ಸಲೈನ್ ಏರಿಸುವುದು ಅವನ ಕೆಲಸ. ಪಲ್ಟನ್ನಿನ ಸಿಪಾಯಿಗಳು ಅವನನ್ನು ಡಾಕ್ಟರ್ ಸಾಬ್ ಎಂದೇ ಕರೆಯುತ್ತಿದ್ದರಂತೆ.

"ನಮ್ಮ ಹುಡುಗ ಬಂದೂಕು ಹಿಡಿಯಲ್ರಿ, ಬರೀ ಗುಳಿಗಿ ಕೊಡೋ ಕೆಲ್ಸ. ಏನೂ ಭಯ ಇಲ್ಲ" ಎಂದು ಅವರಪ್ಪ ಊರಲ್ಲಿ ಹೇಳಿಕೊಂಡು ನೆಮ್ಮದಿಯಿಂದ ಇದ್ದ. ನಾನೂ ಹಾಗೇ ತಿಳಿದಿದ್ದೆ. ರಜೆಗೆ ಬಂದವನು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೊಸ ಔಷಧಿಗಳ ಡಬ್ಬಿ ಓದುತ್ತಿದ್ದರೆ, "ನಾನೂ ಗುಳಿಗಿ ಕೊಡ್ತೀನಿ, ನೀನೂ ಗುಳಿಗಿ ಕೊಡ್ತೀಯ. ನಿನಗೆ ಮಾತ್ರ ಸರ್ಕಾರ ಪೆನ್ಷನ್ ಕೊಡ್ತೈತೆ ನೋಡಲೇ" ಎಂದು ಚುಡಾಯಿಸುತ್ತಿದ್ದೆ. ಅವನು ನಕ್ಕು ಮತ್ತೊಂದು ಡಬ್ಬಿ ಎತ್ತಿಕೊಳ್ಳುತ್ತಿದ್ದ. ಈಗ ಆ ಮಾತು ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಆ ವರ್ಷದ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ಶುರುವಾಯಿತು. ಜುಲೈ ಮೊದಲ ವಾರ ಹರಿಹರದ ಸಿಪಾಯಿಯೊಬ್ಬನ ಶವ ಬಂತು. ಹೆಸರು ಉಜ್ಜನಪ್ಪ, ವಯಸ್ಸು ಇಪ್ಪತ್ಮೂರು. ತಂದೆ ಪಾಲಯ್ಯ ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ ದುಡಿದು ನಿವೃತ್ತರಾದವರು, ತಾಯಿ ಕಮಲಕ್ಕ. ನಾನೂ ಅಂಗಡಿ ಮುಚ್ಚಿ ಶವದ ಮೆರವಣಿಗೆಗೆ ಹೋಗಿ, ಜನರ ನಡುವೆ ಸಿಕ್ಕಿ ಒಂದು ಚಪ್ಪಲಿ ಕಳೆದುಕೊಂಡು ಬಂದೆ. ಅದಾಗಿ ಹತ್ತು ದಿನಕ್ಕೆ ಪರಶುರಾಮನ ಇನ್‌ಲ್ಯಾಂಡ್ ಪತ್ರ ಬಂತು. ಅದರಲ್ಲಿ ಇದ್ದದ್ದು ಎರಡೇ ಸಾಲು. ಹರಿಹರದ ಉಜ್ಜನಪ್ಪ ಎಂಬ ಹುಡುಗ ನನ್ನ ಕೈಯಲ್ಲೇ ಹೋದ. ನನ್ನ ಬೆನ್ನಿಗೂ ಶೆಲ್ಲಿನ ನಾಲ್ಕಾರು ಚೂರು ತಗುಲಿವೆ, ಅಪ್ಪನಿಗೆ ಹೇಳಬೇಡ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಪಾಲಯ್ಯನವರು ಯಾರೋ ಡಾಕ್ಟರು ಬರೆದ ಚೀಟಿ ಹಿಡಿದುಕೊಂಡು ನನ್ನ ಅಂಗಡಿಗೇ ಬಂದರು. ಮೆರವಣಿಗೆಯಲ್ಲಿ ನೋಡಿದ ಮುಖ, ನನಗೆ ಗುರುತು ಸಿಕ್ಕಿತು.

"ಇವು ನಿದ್ದೆ ಗುಳಿಗಿ. ಯಾರಿಗ್ರಿ ಯಜಮಾನ್ರ?" ಎಂದೆ.

"ನಮ್ಮ ಮನ್ಯಾಕಿಗ್ರಿ. ಮಗ ಹೋದಾಗಿಂದ ನಿದ್ದಿಲ್ಲ, ಊಟಿಲ್ಲ, ಒಂದೇ ಮಾತು. ಹೆಣ ತಂದ ಸಾಹೇಬ್ರಿಗೂ ಅದೇ ಕೇಳಿದ್ಲು, ಮಣ್ಣಿಗೆ ಬಂದೋರಿಗೂ ಅದೇ ಕೇಳಿದ್ಲು. ಕೊನೀಗೆ ನನ್ನ ಮಗನ ಬಾಯಿಗೆ ಯಾರಾರ ನೀರು ಬಿಟ್ರಾ ಅಂತ. ಆ ಸಾಹೇಬ್ರಿಗೆ ಕನ್ನಡ ಬರಲ್ಲ. ಬಂದ್ರೂ ಅವರಿಗೇನು ಗೊತ್ತಿರ್ತೈತಿ?"

ನಮ್ಮ ಕಡೆ ಸಾಯುವವರ ಬಾಯಿಗೆ ಮನೆಯವರು ಒಬ್ಬೊಬ್ಬರಾಗಿ ಬಂದು ಒಂದೊಂದು ಗುಟುಕು ನೀರು ಬಿಡಬೇಕು. ನೀರು ಸಿಗದೆ ಹೋದ ಜೀವ ಬಾಯಾರಿಕೊಂಡೇ ಅಲೆಯುತ್ತದೆ ಎನ್ನುತ್ತಾರೆ. ಹೊಳೆಯನ್ನೇ ಹಿತ್ತಲಲ್ಲಿ ಇಟ್ಟುಕೊಂಡು ಬದುಕುವ ಹರಿಹರದ ತಾಯಿಗೆ, ತನ್ನ ಮಗ ನೀರಿಲ್ಲದೆ ಹೋದನೇನೋ ಎನ್ನುವ ಸಂಕಟ ಎಂಥದೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿಬಿಟ್ಟಿತು.

"ಯಜಮಾನ್ರ, ಕೂಡ್ರಿ ಇಲ್ಲಿ. ನಿಮ್ಮ ಮಗ ಹೋದಾಗ ಪಕ್ಕದಾಗ ಇದ್ದೋನು ನನ್ನ ಗೆಳೆಯ, ಶಾಮನೂರಿನ ಪರಶುರಾಮ. ಪತ್ರ ಬರ್ದಾನೆ. ತೊಡೆ ಮ್ಯಾಲೆ ಮಲಗಿಸ್ಕಂಡು, ತನ್ನ ಬಾಟ್ಲಿಯಿಂದಾನೇ ನೀರು ಕುಡಿಸಿದ್ನಂತೆ. ನಿಮ್ಮ ಹುಡುಗ ಕುಡ್ದು, ಸಮಾಧಾನವಾಗಿ ಕಣ್ಣು ಮುಚ್ಚಿದ್ನಂತೆ."

ಪಾಲಯ್ಯನವರು ನನ್ನ ಎರಡೂ ಕೈ ಹಿಡಿದುಕೊಂಡು ಅಂಗಡಿಯಲ್ಲೇ ಅತ್ತುಬಿಟ್ಟರು. ನಿದ್ದೆ ಗುಳಿಗೆ ಬೇಡವೆಂದು ವಾಪಸು ಕೊಟ್ಟು ಹೋದರು. ಅವತ್ತು ರಾತ್ರಿ ಕಮಲಕ್ಕ ಒಂದು ರೊಟ್ಟಿ ತಿಂದಳಂತೆ. ನನಗೆ ಎಂಥ ಹೆಮ್ಮೆ ಅಂತೀರಿ! ಗುಳಿಗೆ ಮಾಡಲಾಗದ್ದನ್ನು ನನ್ನ ಒಂದು ಸುಳ್ಳು ಮಾಡಿತು ಎಂದು ವಾರವಿಡೀ ಆಶಾರಾಣಿಯ ಮುಂದೆ ಕೊಚ್ಚಿಕೊಂಡೆ. "ಆ ಮನುಷ್ಯ ನಾಳೆ ಊರಿಗೆ ಬಂದ್ರೆ ಏನ್ ಮಾಡ್ತೀರಿ?" ಎಂದು ಅವಳು ಕೇಳಿದಳು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ನವೆಂಬರಿನಲ್ಲಿ ಪರಶುರಾಮ ರಜೆಗೆ ಬಂದ. ಬೆನ್ನಿನ ಗಾಯ ಮಾಗಿತ್ತು, ಮನುಷ್ಯ ಅರ್ಧಕ್ಕರ್ಧ ಇಳಿದುಹೋಗಿದ್ದ. ಸನ್ಮಾನ ಎಂದ ಕೂಡಲೇ ಗದ್ದೆಗೆ ಓಡುತ್ತಿದ್ದ. ಶಾಲು ಹೊದಿಸುವ ಹುಚ್ಚು ಜನರಿಗೆ ಎಷ್ಟಿತ್ತೆಂದರೆ ಅವನಿಗೆ ನಿಜವಾಗಿ ಏನಾಗಿದೆ ಎಂದು ಒಬ್ಬನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕಮಲಕ್ಕನಿಂದ ಮಾತ್ರ ವಾರಕ್ಕೊಂದು ಸಲ ನನಗೆ ಹೇಳಿಕೆ ಬರುತ್ತಿತ್ತು: ಆ ಪುಣ್ಯಾತ್ಮನನ್ನು ಒಂದು ಸಲ ಕರಕೊಂಡು ಬರ್ರಿ, ಕಣ್ಣಿಂದ ನೋಡಬೇಕು. ಆ ಮಾತನ್ನು ಪರಶುರಾಮನಿಗೆ ಮುಟ್ಟಿಸಿದಾಗ ಅವನ ಮುಖದ ರಕ್ತ ಇಳಿಯಿತು. ಆದರೂ, "ಬರ್ತೀನಿ. ಅದೊಂದು ಮನೀಗೆ ಹೋಗ್ಲೇಬೇಕು" ಎಂದ.

ಸೋಮವಾರ ಬೆಳಿಗ್ಗೆ ಇಬ್ಬರೂ ಹರಿಹರದ ಬಸ್ಸು ಹತ್ತಿದೆವು. ಊರು ದಾಟುವ ತನಕ ನಾನು ಧೈರ್ಯ ಕೂಡಿಸಿಕೊಂಡೆ.

"ಲೇ ಪರಶು, ನಾನೊಂದು ತಪ್ಪು ಮಾಡೀನಿ" ಎಂದು ಶುರುಮಾಡಿ, ನೀರಿನ ಸುಳ್ಳನ್ನು ಪೂರ್ತಿ ಹೇಳಿದೆ. "ಆ ತಾಯಿ ಅದ್ರ ಮ್ಯಾಲೇ ಬದುಕ್ಯಾಳೆ. ನೀನೂ ಹಂಗೇ ಹೇಳ್ಬೇಕು ಅಷ್ಟೆ."

ಅವನು ಕಿಟಕಿಯ ಕಡೆ ತಿರುಗಿದ. ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು.

"ನಾನು ನೀರು ಕೊಡ್ಲಿಲ್ಲ ಬಕ್ಕೇಶ" ಎಂದ. "ಆತ ಕೇಳ್ದ. ಬೆಳಿಗ್ಗಿಂದ ಮಧ್ಯಾಹ್ನ ಮೂರು ಗಂಟೆ ಮಟ ಕೇಳ್ದ. ಕೊಡ್ಲಿಲ್ಲ."

ಆಮೇಲೆ, ಹನ್ನೆರಡು ವರ್ಷದಲ್ಲಿ ಮೊದಲ ಸಲ, ತನ್ನ ಕೆಲಸ ಏನೆಂಬುದನ್ನು ನನಗೆ ಹೇಳಿದ. ಬೆಳಕು ಹರಿಯುವ ಹೊತ್ತಿಗೆ ಅವರ ತುಕಡಿ ಒಂದು ಬೋಳು ಇಳಿಜಾರಿನಲ್ಲಿ ಸಿಕ್ಕಿಬಿದ್ದಿತ್ತು. ಮೇಲಿನ ಶಿಖರದಿಂದ ಮೆಷಿನ್ ಗನ್ನಿನ ಗುಂಡು. ಮೂವರು ಬಿದ್ದರು. ಪರಶುರಾಮ ಹಿಂದೆ ಬಂಡೆಯ ಮರೆಯಲ್ಲಿದ್ದ. ಬಂಡೆಗೂ ಬಿದ್ದವರಿಗೂ ನಡುವೆ ನಮ್ಮ ಕಾಲೇಜಿನ ಮೈದಾನದ ಅರ್ಧದಷ್ಟು ಬಯಲು. ಔಷಧಿಯ ಚೀಲವನ್ನು ಮುಂದೆ ತಳ್ಳಿಕೊಳ್ಳುತ್ತ, ಹೊಟ್ಟೆಯ ಮೇಲೆ ತೆವಳಿಕೊಂಡು ಅಷ್ಟು ದೂರ ಹೋದ. ಉಜ್ಜನಪ್ಪ "ಅಣ್ಣಾ, ಅಣ್ಣಾ" ಎಂದು ಕೂಗುತ್ತಿದ್ದ. ಆದರೆ ಇವನು ಮೊದಲು ಹೋದದ್ದು ಸದ್ದಿಲ್ಲದೆ ಬಿದ್ದಿದ್ದ ಇನ್ನೊಬ್ಬನ ಹತ್ತಿರ.

"ಕೂಗೋನಿಗೆ ಉಸಿರೈತೆ ಅಂತ ಅರ್ಥ. ಸುಮ್ಮನೆ ಬಿದ್ದೋನ್ನ ಮೊದ್ಲು ನೋಡ್ಬೇಕು. ಹಂಗೇ ಕಲಿಸ್ಯಾರೆ ನಮಗೆ" ಎಂದ. "ಆದ್ರೆ ಲೇ, ಆತ ನನ್ನ ಭಾಷಿಯಾಗ ಕೂಗ್ತಿದ್ದ."

ಆ ಮೊದಲನೆಯವನ ತೊಡೆಯಿಂದ ರಕ್ತ ಚಿಮ್ಮುತ್ತಿತ್ತು. ಬಿಗಿಯಾಗಿ ಪಟ್ಟಿ ಬಿಗಿದು, ಬಿಗಿದ ಹೊತ್ತು ಮುಂದೆ ನೋಡುವ ಡಾಕ್ಟರಿಗೆ ತಿಳಿಯಲೆಂದು ಅದನ್ನು ಪೆನ್ನಿನಿಂದ ಅವನ ಹಣೆಯ ಮೇಲೆಯೇ ಬರೆದು, ಬಂಡೆಯ ಮರೆಗೆ ಎಳೆದು ತಂದ. ಮತ್ತೆ ಹೋಗಿ ಉಜ್ಜನಪ್ಪನನ್ನು ತಂದ. ಮತ್ತೆ ಹೋಗಿ ಭುಜಕ್ಕೆ ಗುಂಡು ಬಿದ್ದಿದ್ದ ಮೂರನೆಯವನನ್ನು ತಂದ. ಆ ಬಯಲನ್ನು ಮೂರು ಸಲ ದಾಟಿದ, ಮೂರು ಸಲ ಹಿಂದಿರುಗಿದ. ಮಧ್ಯಾಹ್ನ ಶೆಲ್ ಬೀಳತೊಡಗಿದಾಗ ಉಜ್ಜನಪ್ಪನ ಮೇಲೆ ಅಡ್ಡ ಮಲಗಿಕೊಂಡ. ಬೆನ್ನಿನ ಚೂರುಗಳು ಆಗ ತಗುಲಿದ್ದು.

"ಹೆದರಿಕಿ ಆಗ್ಲಿಲ್ವೇನಲೇ?" ಎಂದು ಕೇಳಿದೆ.

"ಆತು. ಪ್ಯಾಂಟ್ನಾಗೇ ಹೋಗಿತ್ತು. ಆದ್ರೆ ಕೈಗೆ ಕೆಲ್ಸ ಇತ್ತಲ್ಲ" ಎಂದ.

ಉಜ್ಜನಪ್ಪನಿಗೆ ಗುಂಡು ಬಿದ್ದಿದ್ದು ಹೊಟ್ಟೆಗೆ. ಹೊಟ್ಟೆಗೆ ಬಿದ್ದವರಿಗೆ ಬಾಯಿಂದ ಒಂದು ಹನಿಯೂ ಕೊಡುವಂತಿಲ್ಲ. ಕರುಳು ಹರಿದಿದ್ದರೆ ಕುಡಿದದ್ದೆಲ್ಲ ಒಳಗೇ ಸೋರಿ ನಂಜಾಗುತ್ತದೆ, ಆಮೇಲೆ ಆಪರೇಷನ್ನಿಗೂ ಉಳಿಯುವುದಿಲ್ಲ. ಹಗಲಿನಲ್ಲಿ ಸ್ಟ್ರೆಚರ್ ಬರುವ ಹಾಗಿರಲಿಲ್ಲ. ಕತ್ತಲಾದರೆ ಕೆಳಗೆ ಸಾಗಿಸಬಹುದಿತ್ತು, ಕೆಳಗೆ ಸರ್ಜನ್ ಇದ್ದರು. ಚಳಿಗೆ ಹೆಪ್ಪುಗಟ್ಟದಿರಲೆಂದು ಪರಶುರಾಮ ಸಲೈನ್ ಬಾಟಲಿಯನ್ನು ಕೋಟಿನ ಒಳಗೆ ಎದೆಗೆ ಒತ್ತಿ ಇಟ್ಟುಕೊಂಡಿದ್ದ. ಇದ್ದದ್ದು ಒಂದೇ. ಅದನ್ನು ಉಜ್ಜನಪ್ಪನಿಗೇ ಏರಿಸಿದ. ಕತ್ತಲಾಗುವ ತನಕ ತಡೆದರೆ ಸಾಕು ಎಂದು ಗಡಿಯಾರ ನೋಡುತ್ತ ಕೂತ. ಮೂರು ಗಂಟೆಗೆ ಉಜ್ಜನಪ್ಪ ಹೋದ. ಉಳಿದ ಇಬ್ಬರೂ ಬದುಕಿದರು.

ಆದರೂ ನನ್ನ ಹಟ ನಾನು ಬಿಡಲಿಲ್ಲ. "ನೀನು ಮಾಡಿದ್ದು ಸರಿ ಐತಿ. ಆದ್ರೆ ಆಕಿಗೆ ಇದೆಲ್ಲ ಬ್ಯಾಡ. ನೀರು ಕೊಟ್ಟೆ ಅಂದುಬಿಡು. ಒಂದು ಮಾತು."

"ಆತು, ಹಂಗೇ ಹೇಳ್ತೀನಿ" ಎಂದ ಪರಶುರಾಮ. ನನಗೆ ಉಸಿರು ಬಂತು.

ಪಾಲಯ್ಯನವರ ಮನೆ ಹೊಳೆಗೆ ಹತ್ತಿರದ ಓಣಿಯಲ್ಲಿತ್ತು. ನಮ್ಮನ್ನು ಚಾಪೆಯ ಮೇಲೆ ಕೂರಿಸಿದರು. ಕಮಲಕ್ಕ ಒಳಗಿನಿಂದ ಬಂದಳು. ಆಕೆ ಅಳುತ್ತಾಳೆ, ನಾವು ನಾಲ್ಕು ಸಮಾಧಾನದ ಮಾತು ಹೇಳುತ್ತೇವೆ, ಚಹಾ ಕುಡಿದು ಹನ್ನೊಂದರ ಬಸ್ಸಿಗೆ ಹೊರಡುತ್ತೇವೆ ಎಂದು ನಾನು ಲೆಕ್ಕ ಹಾಕಿದ್ದೆ. ಆಕೆ ಅಳಲಿಲ್ಲ. ನೇರ ಪರಶುರಾಮನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತು ಅವನ ಬಲಗೈ ಎತ್ತಿಕೊಂಡಳು.

"ಈ ಕೈಯೇನಪ್ಪಾ?" ಎಂದಳು. "ನನ್ನ ಮಗನ ಬಾಯಿಗೆ ನೀರು ಬಿಟ್ಟಿದ್ದು ಈ ಕೈಯೇನು?"

ಆ ಕೈಯನ್ನು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಬಗ್ಗಿ ಅವನ ಕಾಲು ಮುಟ್ಟಲು ಹೋದಳು. ಪರಶುರಾಮ ಬೆಂಕಿ ಮುಟ್ಟಿದವನ ಹಾಗೆ ಹಿಂದೆ ಸರಿದ.

"ಅಮ್ಮಾ, ಬ್ಯಾಡ್ರಿ. ನಾನು ನೀರು ಕೊಟ್ಟಿಲ್ಲ."

ಪಾಲಯ್ಯನವರು ನನ್ನ ಮುಖ ನೋಡಿದರು. ನಾನು ಚಾಪೆ ನೋಡಿದೆ.

"ಏನಂದಿ?" ಎಂದಳು ಕಮಲಕ್ಕ.

"ಆತ ಕೇಳ್ದ, ನಾನು ಕೊಡ್ಲಿಲ್ಲ. ನನ್ನ ಹತ್ರ ನೀರಿತ್ತು. ಬಕ್ಕೇಶ ನಿಮ್ಮ ಸಮಾಧಾನಕ್ಕೆ ಹಂಗ್ ಹೇಳ್ಯಾನೆ."

ಕಮಲಕ್ಕನ ಮುಖ ಬದಲಾದದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಆಕೆ ಎದ್ದು ನಿಂತಳು. "ಬ್ಯಾಸಿಗಿಯಾಗ ಬೀದಿ ನಾಯಿಗೂ ನೀರು ಇಡ್ತೀವಿ ನಾವು" ಎಂದಳು. ಧ್ವನಿ ಏರಲಿಲ್ಲ, ಅದೇ ಇನ್ನೂ ಹೆದರಿಕೆ ಹುಟ್ಟಿಸಿತು. "ಹೊಳಿ ದಂಡಿ ಮ್ಯಾಲೆ ಹುಟ್ಟಿದ ಹುಡುಗ. ಬಾಟ್ಲಿ ಸೊಂಟದಾಗ ಇಟ್ಕಂಡು ನೀನು ಕೊಡ್ಲಿಲ್ಲಾ?"

ನಾನು ಎದ್ದು, ಅದು ಹಾಗಲ್ಲ, ಡಾಕ್ಟರಿಕೆಯ ನಿಯಮ ಎಂದು ಏನೇನೋ ತೊದಲಿದೆ. "ನೀವು ಸುಮ್ಕಿರ್ರಿ" ಎಂದಳು. ಮತ್ತೆ ಚಾಪೆಯ ಮೇಲೆ ಕೂತೆ.

ಪರಶುರಾಮ ಕೂತಲ್ಲಿಂದ ಏಳಲಿಲ್ಲ. "ಹೊಟ್ಟಿಗೆ ಬಿದ್ದಿತ್ತಮ್ಮಾ. ನೀರು ಕೊಟ್ರೆ ಉಳಿಯಲ್ಲ. ಕೊಡದಿದ್ರೆ, ಕತ್ತಲಾಗೋಮಟ ತಡಕಂಡ್ರೆ, ಉಳೀತಿದ್ದ. ಸಾಯೋರ ಬಾಯಿಗೆ ನೀರು ಬಿಡ್ತಾರೆ, ನನಗೂ ಗೊತ್ತೈತೆ. ನಾನೂ ಶಾಮನೂರಿನೋನೇ. ಆದ್ರೆ ಆತ ಸಾಯೋನು ಅಂತ ನಾನು ಒಪ್ಪಿರ್ಲಿಲ್ಲ."

"ಯಾವಾಗ ಗೊತ್ತಾತು ನಿನಗೆ?"

"ಸತ್ತ ಮ್ಯಾಲೇ ಗೊತ್ತಾತು."

ಆಮೇಲೆ, ಬಸ್ಸಿನಲ್ಲಿ ನನಗೂ ಹೇಳದಿದ್ದ ಒಂದು ಸಂಗತಿಯನ್ನು ಅವನು ಆ ತಾಯಿಗೆ ಹೇಳಿದ. ತುಟಿ ಬಿರಿದು ರಕ್ತ ಬರುತ್ತಿತ್ತು. ನೋಡಲಾರದೆ ಗಾಯಕ್ಕೆ ಕಟ್ಟುವ ಬಟ್ಟೆಯ ತುಂಡೊಂದನ್ನು ಒದ್ದೆ ಮಾಡಿ ತುಟಿಗೆ ಸವರಿದ. ಅಷ್ಟಕ್ಕೆ ಅಡ್ಡಿಯಿಲ್ಲ. ಉಜ್ಜನಪ್ಪ ಆ ಬಟ್ಟೆಯನ್ನು ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಿಕೊಂಡು ಚೀಪತೊಡಗಿದ.

"ನಾನು ಎಳ್ಕಂಡೆ ಅಮ್ಮಾ. ಬಿಡ್ಲಿಲ್ಲ ಆತ. ದವಡಿ ಹಿಡ್ದು ಬಾಯಿ ಬಿಡಿಸಿ ಎಳ್ಕಂಡೆ. ನೀವು ಕಣ್ಣಿಗೆ ಒತ್ಕಂಡ ಕೈ ಇದೇ. ನನಗೆ ಬೈರಿ, ಹೊಡೀರಿ. ಆದ್ರೆ ಕಾಲು ಮುಟ್ಟಬ್ಯಾಡ್ರಿ."

ಕಮಲಕ್ಕ ಗೋಡೆಗೆ ಒರಗಿದಳು. ಓಣಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಶುರುವಾಗಲೇ ಇಲ್ಲ. ನನಗೆ ಪರಶುರಾಮನ ಮೇಲೆ ಸಿಟ್ಟು ಬಂದಿತ್ತು, ಒಂದು ಸುಳ್ಳಿಗೆ ಏನು ಖರ್ಚಾಗುತ್ತಿತ್ತು ಎಂದು. ಈ ಹೆಂಗಸು ನಾಳೆಯಿಂದ ಮತ್ತೆ ಅನ್ನ ಬಿಡುತ್ತಾಳೆ, ಅದರ ಪಾಪ ನಮ್ಮಿಬ್ಬರದು ಎಂದುಕೊಳ್ಳುತ್ತಿದ್ದೆ.

"ನಾನಿದ್ದಿದ್ರೆ ಕೊಟ್ಟುಬಿಡ್ತಿದ್ದೆ" ಎಂದಳು ಕಮಲಕ್ಕ. "ಅವ್ವಾ ನೀರು ಅಂದಿದ್ರೆ ನನ್ನ ಕೈಲಿ ತಡಿಯಾಕ ಆಗ್ತಿರ್ಲಿಲ್ಲ. ಚೊಂಬುಗಟ್ಟಲೆ ಕುಡಿಸಿ ನಾನೇ ಕೊಂದುಬಿಡ್ತಿದ್ದೆ." ಬಂದು ಮತ್ತೆ ಪರಶುರಾಮನ ಎದುರು ಕೂತಳು. "ಹೆತ್ತಾಕಿ ನಾನೇ ಕೈ ಬಿಡ್ತಿದ್ದೆ. ನೀನು ಬಿಡ್ಲಿಲ್ಲಲ್ಲೋ. ನಿನಗೆ ಹೆಂಗೆ ತಡಿಯಾಕ ಆತಪ್ಪಾ?"

ಪರಶುರಾಮನಿಗೆ ತಡೆಯಲಾಗಲಿಲ್ಲ. ಮೂವತ್ತು ದಾಟಿದ ಗಂಡಸು, ಮೂರು ಸಲ ಗುಂಡಿನ ಎದುರು ತೆವಳಿದವನು, ಆ ಚಾಪೆಯ ಮೇಲೆ ಮಕ್ಕಳ ಹಾಗೆ ಬಿಕ್ಕಿದ. ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಕಮಲಕ್ಕ ಅವನ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಏಳು. ಹಂಗಾದ್ರೆ ನನ್ನ ಮಗ ಇನ್ನಾ ಬಾಯಾರ್ಕಂಡೇ ಐದಾನೆ. ನಾಕು ತಿಂಗ್ಳು ಆತು" ಎಂದಳು.

ಹಿತ್ತಾಳೆಯ ಚೊಂಬು ಹಿಡಿದು ಆಕೆ ಮುಂದೆ, ನಾವು ಮೂವರು ಹಿಂದೆ. ಹೊಳೆಯಲ್ಲಿ ನೀರು ಚೆನ್ನಾಗಿತ್ತು. ಚೊಂಬು ತುಂಬಿಕೊಂಡು ದಂಡೆಯ ಮೇಲಿನ ರುದ್ರಭೂಮಿಗೆ ನಡೆದಳು. ಉಜ್ಜನಪ್ಪನನ್ನು ಮಣ್ಣು ಮಾಡಿದ ಜಾಗದಲ್ಲಿ ಕಲ್ಲು ಕಟ್ಟಿಸುತ್ತೇವೆಂದು ಭಾಷಣ ಬಿಗಿದವರು ಆ ಕಡೆ ತಲೆ ಹಾಕಿರಲಿಲ್ಲ. ಬರೀ ಮಣ್ಣಿನ ದಿಬ್ಬ, ಮೇಲೆ ಸ್ವಲ್ಪ ಗರಿಕೆ ಹಬ್ಬಿತ್ತು. ಅವತ್ತಿನ ಮಟ್ಟಿಗೆ ಅದೇ ಒಳ್ಳೆಯದಾಯಿತು.

ತಲೆಯ ಕಡೆ ನಿಂತು ಕಮಲಕ್ಕ ಚೊಂಬನ್ನು ಪರಶುರಾಮನಿಗೆ ಚಾಚಿದಳು.

"ನೀವು ಬಿಡ್ರಿ ಅಮ್ಮಾ. ನೀವು ತಾಯಿ" ಎಂದ ಅವನು.

"ಬ್ಯಾಡ ಅಂದೋನು ನೀನು. ನೀನು ಕೊಟ್ರೇ ಆತ ಕುಡಿಯೋದು."

ಪರಶುರಾಮ ಮೊಣಕಾಲೂರಿ ಕೂತ. ಗರಿಕೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದ. ಎಡಗೈಯನ್ನು ಮಣ್ಣಿನ ಮೇಲಿಟ್ಟು, ಬಲಗೈಯಲ್ಲಿ ಚೊಂಬು ಬಗ್ಗಿಸಿ ಸಣ್ಣಗೆ ಬಿಡತೊಡಗಿದ. ಸ್ವಲ್ಪ ಬಿಟ್ಟು ನಿಲ್ಲಿಸುತ್ತಿದ್ದ, ಮತ್ತೆ ಸ್ವಲ್ಪ ಬಿಡುತ್ತಿದ್ದ. "ನಿಧಾನಕ್ಕೆ ಉಜ್ಜನಪ್ಪ, ಒಂದೊಂದೇ ಗುಟುಕು" ಎಂದು ಮೆಲ್ಲಗೆ ಹೇಳುತ್ತಿದ್ದ. ಅದು ನಮಗೆ ಹೇಳಿದ ಮಾತಲ್ಲ, ಅವನ ಕೆಲಸದ ಮಾತು.

"ಕುಡಿಯಪ್ಪಾ" ಎಂದಳು ಕಮಲಕ್ಕ. "ಈಗ ಡಾಕ್ಟ್ರು ಬ್ಯಾಡ ಅನ್ನಲ್ಲ."

ಮಣ್ಣು ಒಂದು ಹನಿಯನ್ನೂ ಉಳಿಸದೆ ಎಳೆದುಕೊಂಡಿತು. ಚೊಂಬು ಖಾಲಿಯಾದಾಗ ಪರಶುರಾಮ ಎದ್ದು, ಯಾರನ್ನೂ ಕೇಳದೆ, ಇನ್ನೊಂದು ಚೊಂಬು ತರಲು ಹೊಳೆಗೆ ಇಳಿದ.